ತೊಟ್ಟಿ ಎತ್ತರಿಸಿದೆ, ಸೊಂಟ ಉಳಿಯಿತು

ಈ ಸೀಸನ್‌ನಲ್ಲಿ ನಮ್ಮ ಒಣದ್ರಾಕ್ಷಿ ಶೆಡ್‌ನಲ್ಲಿ ಒಬ್ಬರೂ ಸೊಂಟ ಹಿಡಿಯಿತು ಅಂತ ರಜೆ ಹಾಕಲಿಲ್ಲ. ಇದು ಎಷ್ಟು ದೊಡ್ಡ ಮಾತು ಅಂತ ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೂರು ವರ್ಷದ ಹಿಂದೆ ಹೋಗಿದ್ದು ನನ್ನದೇ ಸೊಂಟ. ಒಣಗಿಸುವ ಮೊದಲು ದ್ರಾಕ್ಷಿಯನ್ನು ಕ್ರೇಟ್ ಸಮೇತ ಪೊಟ್ಯಾಷ್ ನೀರಿನ ತೊಟ್ಟಿಯಲ್ಲಿ ಅದ್ದುತ್ತೇವೆ. ಹಾಗೆ ಅದ್ದಿದ ಕ್ರೇಟ್ ಎತ್ತಿ, ಹಾಗೇ ಪಕ್ಕಕ್ಕೆ ತಿರುಗಿದೆ. ಚಳಕ್ ಅಂತು. ಡಾಕ್ಟರ್ ಎರಡು ದಿನಕ್ಕೇ ಓಡಾಡು ಅಂದಿದ್ದರು. ನಾನು ಹೆದರಿ ಹನ್ನೆರಡು ದಿನ ಮಲಗಿದೆ, ಇನ್ನೂ ಬಿಗಿಯಾಯಿತು. ಸ್ಕ್ಯಾನು, ಗುಳಿಗೆ, ಓಡಾಟ ಸೇರಿ 18 ಸಾವಿರ ಹೋಯಿತು. ಅತ್ತ ಹಣ್ಣು ಬಳ್ಳಿಯಲ್ಲೇ ಕಾಯುತ್ತಿತ್ತು, ಆ ನಷ್ಟದ ಲೆಕ್ಕ ಬೇಡ ಬಿಡಿ.

ಮೊದಲು ಎಲ್ಲರಿಗೂ ಸೊಂಟದ ಪಟ್ಟಾ ತಂದೆ, ಐದು, ಒಂದಕ್ಕೆ 500ರ ಮೇಲೆ. ಬೆವರು, ಮೇಲೆ ಪೊಟ್ಯಾಷ್ ನೀರು, ಚರ್ಮ ಕೆಂಪಾಯಿತು. ವಾರದಲ್ಲಿ ಐದೂ ಗೂಟಕ್ಕೆ ಬಿದ್ದವು. ಆಮೇಲೆ ಮಂಡಿ ಮಡಚಿ ಎತ್ತಲು ಕಲಿಸಿದೆ. ಒದ್ದೆ ನೆಲದಲ್ಲಿ, ಅವಸರದಲ್ಲಿ, ಹತ್ತನೇ ಕ್ರೇಟಿಗೆ ಎಲ್ಲ ಮರೆತುಹೋಗುತ್ತದೆ. ದಿನಕ್ಕೆ 200 ಕ್ರೇಟ್, ಒಂದೊಂದು 20 ಕಿಲೋ ಅಂದರೂ ನಾಲ್ಕು ಟನ್. ಎತ್ತುವವನನ್ನು ಬಗ್ಗಿಸಿ ಪಾಠ ಹೇಳುವ ಬದಲು ತೊಟ್ಟಿಯನ್ನೇ ಎತ್ತಿದರೆ?

ಕಟ್ಟೆ ಕಟ್ಟಿ ತೊಟ್ಟಿ ಮೇಲಿಟ್ಟಾಗ ಪಕ್ಕದ ತೋಟದವರು ನಕ್ಕರು, ‘ತೊಟ್ಟಿಗೆ ಗುಡಿ ಕಟ್ಟಿದೆ’ ಅಂತ. ಮೊದಲ ಸಲ ನಗಬೇಕಾದ್ದೇ. ಅಂಚು ಎದೆಮಟ್ಟಕ್ಕೆ ಬಂದು ಸೊಂಟದ ನೋವು ಭುಜಕ್ಕೆ ಏರಿತು, ನೀರು ಕಣ್ಣಿಗೆ ಹಾರಿತು. ಒಡೆದು ಅಂಚು ಸೊಂಟದ ಮಟ್ಟಕ್ಕೆ ಇಳಿಸಿದೆ. ಕ್ರೇಟ್ ಕೈಯಲ್ಲಿ ಅದ್ದುವುದನ್ನೂ ಬಿಟ್ಟು ಏತದ ಹಾಗೆ ಒಂದು ಪೈಪು, ತುದಿಗೆ ಕೊಕ್ಕೆ. ಆಚೆ ತುದಿಗೆ ಎಷ್ಟು ಭಾರ ಕಟ್ಟಿದ್ದೇನೆ, ಎಲ್ಲಿ ಕಟ್ಟಿದ್ದೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ! ನೀರು ಸೋರಲು ಅದೇ ಎತ್ತರದ ಹಲಗೆ ಇದೆ. ಅದನ್ನು ಒಂದು ಹೆಜ್ಜೆ ದೂರ ಇಟ್ಟೆ. ಮಗ್ಗುಲಲ್ಲೇ ಇದ್ದರೆ ಜನ ಕಾಲು ಎತ್ತದೆ ಸೊಂಟ ತಿರುಚುತ್ತಾರೆ, ದೂರ ಇದ್ದರೆ ಹೆಜ್ಜೆ ಹಾಕಲೇಬೇಕು. ಈ ಸಣ್ಣ ಬದಲಾವಣೆಯೇ ಜಾಸ್ತಿ ಕೆಲಸ ಮಾಡಿತು ಅನ್ನಿಸುತ್ತದೆ. ಒಟ್ಟು ಖರ್ಚು 11 ಸಾವಿರ ಇರಬಹುದು, ಒಡೆದದ್ದೂ ಸೇರಿ.

ಇನ್ನೊಂದು ಪ್ರಯೋಗ ಕೆಟ್ಟಿತು. ಹಣ್ಣು ಒಣಗಲು ಶೆಡ್‌ನಲ್ಲಿ ಒಂದರ ಮೇಲೊಂದು ಜಾಳಿಗೆ ಕಟ್ಟಿರುತ್ತೇವೆ. ಕೆಳಗಿನ ಜಾಳಿಗೆಗೆ ಹಣ್ಣು ಹರಡುವ ಹೆಂಗಸರಿಗೆ ಗಾಲಿ ಮಣೆ ಮಾಡಿಸಿದೆ. ಮಣ್ಣು ನೆಲದಲ್ಲಿ ಗಾಲಿ ಹೂತು ಒಬ್ಬಾಕೆ ಉರುಳಿದಳು. ಈಗ ಅದರ ಮೇಲೆ ನಮ್ಮ ನಾಯಿ ಮಲಗುತ್ತದೆ. ಬದಲಿಗೆ ಅರ್ಧ ಗಂಟೆಗೊಮ್ಮೆ ಕೆಳಗಿನವರು ಮೇಲಿನ ಜಾಳಿಗೆಗೆ, ಮೇಲಿನವರು ಕೆಳಕ್ಕೆ. ಬೆಳಿಗ್ಗೆ ಎದ್ದ ಕೂಡಲೇ ಬಗ್ಗುವ ಕೆಲಸ ಕೊಡುವುದಿಲ್ಲ. ರಾತ್ರಿಯೆಲ್ಲ ಮಲಗಿದಾಗ ಬೆನ್ನಿನ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಆಗ ಬಗ್ಗಿದರೆ ಅದಕ್ಕೆ ಬೀಳುವ ಒತ್ತಡ ಜಾಸ್ತಿ. ಮೊದಲ ಒಂದು ಗಂಟೆ ಖಾಲಿ ಕ್ರೇಟ್ ಜೋಡಿಸುವುದು, ಚಹಾ.

ನಕ್ಕವರು ಮೊನ್ನೆ ಟೇಪು ಹಿಡಿದುಕೊಂಡು ಬಂದಿದ್ದರು. ಕಟ್ಟೆ ಅಳೆದುಕೊಂಡರು. ಏತದ ಹತ್ತಿರ ನಾನೇ ನಿಂತಿದ್ದೆ.