ತೋಟದ ಕೆಲಸವನ್ನೂ ಲೆಕ್ಕಕ್ಕೆ ಹಿಡಿದ ಪವರ್‌ಲಿಫ್ಟಿಂಗ್ ತರಬೇತಿ

ಕೊಡಗಿನಲ್ಲಿ ಪವರ್‌ಲಿಫ್ಟಿಂಗ್ (ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್ ಎಂಬ ಮೂರು ಬಗೆಯಲ್ಲಿ ಭಾರ ಎತ್ತುವ ಕ್ರೀಡೆ) ಕಲಿಸುವಾಗ ಶೆಡ್ಯೂಲ್ ಬರೆಯುವ ಮೊದಲು ನಾನು ಕೇಳುವುದು, ಹಗಲಿಡೀ ಏನು ಕೆಲಸ ಎಂದು. ಡಿಸೆಂಬರ್‌ನಿಂದ ಕಾಫಿ ಕುಯ್ಲು, ಅದರ ಬೆನ್ನಿಗೇ ಕರಿಮೆಣಸು. 50 ಕೆಜಿ ಮೂಟೆಗಳನ್ನು ಕಣಕ್ಕೆ ಹೊತ್ತು ಹಾಕಿದವನ ಬೆನ್ನು ಸಂಜೆ ಜಿಮ್ಮಿಗೆ ಬರುವ ಹೊತ್ತಿಗೆ ಅರ್ಧ ಡೆಡ್‌ಲಿಫ್ಟ್ (ಭಾರದ ಬಾರನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು) ಮುಗಿಸಿಯೇ ಇರುತ್ತದೆ.

ಹಾಗಾಗಿ ಆ ತಿಂಗಳುಗಳಲ್ಲಿ ಡೆಡ್‌ಲಿಫ್ಟ್ ವಾರಕ್ಕೆ ಒಂದೇ ದಿನ: ಗರಿಷ್ಠ ಭಾರದ ಶೇ. 70–75ರಲ್ಲಿ, ಮೂರು ರೆಪ್‌ನ (ಒಂದು ಸಲ ಎತ್ತಿದರೆ ಒಂದು ರೆಪ್) ಮೂರು ಸೆಟ್. ಬಾರನ್ನು ಹೆಗಲ ಮೇಲೆ ಹೊತ್ತು ಕೂತು ಏಳುವ ಸ್ಕ್ವಾಟ್ ಎರಡು ದಿನ. ಬೆನ್ನಿನ ದಣಿವು, ಮಲಗಿ ಬಾರನ್ನು ಎದೆಯಿಂದ ಮೇಲೆ ತಳ್ಳುವ ಬೆಂಚ್ ಪ್ರೆಸ್‌ಗೆ ಅಷ್ಟಾಗಿ ಅಡ್ಡ ಬರುವುದಿಲ್ಲ, ಅದನ್ನು ಮೂರು ದಿನ ಹಾಕುತ್ತೇನೆ. ಸೆಟ್ ಮುಗಿದಾಗ ಇನ್ನೆರಡು ರೆಪ್‌ಗಾಗುವಷ್ಟು ಕಸುವು ಉಳಿದಿರಬೇಕು. ಉಳಿಯದಿದ್ದರೆ ಮುಂದಿನ ಸೆಟ್‌ಗೆ ಶೇ. 5 ಇಳಿಸುತ್ತೇನೆ. ಹೊಸಬರಿಗೆ ಈ ಅಂದಾಜು ಸಿಗುವುದಿಲ್ಲ, ಎಲ್ಲರೂ 'ಇನ್ನೂ ಐದು ಎತ್ತುತ್ತೇನೆ' ಅನ್ನುವವರೇ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿ ನೋಡಿದರೆ ಕೊನೆಯ ರೆಪ್ ಎಷ್ಟು ನಿಧಾನವಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಮಳೆ ಹಿಡಿದ ಮೇಲೆ ಹೊರುವ ಕೆಲಸ ತಗ್ಗುತ್ತದೆ. ಭಾರ ಏರಿಸಲು ಅದೇ ಕಾಲ. ಆಗ ಡೆಡ್‌ಲಿಫ್ಟ್ ಎರಡು ದಿನ. ಒಂದು ದಿನ ಶೇ. 80–85. ಇನ್ನೊಂದು ದಿನ ಶೇ. 65ರಲ್ಲಿ, ಬಾರ್ ನೆಲ ಬಿಟ್ಟು ಎರಡಿಂಚು ಎದ್ದಾಗ ಒಂದು ಸೆಕೆಂಡ್ ತಡೆದು ಎತ್ತಬೇಕು. ಸೊಂಟ ಮೊದಲೇ ಮೇಲೆದ್ದು ಬಾರ್ ಮೊಣಕಾಲಿನಿಂದ ಮುಂದೆ ಸರಿಯುವ ತಪ್ಪು ಆ ತಡೆಯಲ್ಲೇ ಸಿಕ್ಕಿಬೀಳುತ್ತದೆ.

ಮಳೆಗಾಲದ ಇನ್ನೊಂದು ತಾಪತ್ರಯ ತುಕ್ಕು. ಬಾರ್‌ನ ಹಿಡಿತದ ಗೀರುಗಳಲ್ಲಿ ಕೂತ ಚಾಕ್ ಪುಡಿ ತೇವ ಹೀರಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ದಿನವೂ ನೈಲಾನ್ ಬ್ರಷ್‌ನಿಂದ ಉಜ್ಜಿ, ವಾರಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಸವರಿ, ಒಣಬಟ್ಟೆಯಲ್ಲಿ ಪೂರ್ತಿ ಒರೆಸಬೇಕು. ಎಣ್ಣೆ ಉಳಿದರೆ ಕೈ ಜಾರುತ್ತದೆ. ಚರ್ಮದ ಬೆಲ್ಟಿಗೆ ಬೂಷ್ಟು ಬರುತ್ತದೆಂದು ಒಲೆಯ ಪಕ್ಕ ಇಡುವವರಿದ್ದಾರೆ. ಒಲೆಯ ಕಾವಿಗೆ ಚರ್ಮ ಬಿರಿಯುತ್ತದೆ. ಗಾಳಿಯಾಡುವಲ್ಲಿ ನೇತುಹಾಕಿದರೆ ಆಯಿತು.

ಸ್ಪರ್ಧೆಗೆ ಆರು ವಾರ ಇರುವಾಗಿನಿಂದ ಪ್ರತಿ ಭಾರದ ಸೆಟ್‌ನ ಮೊದಲ ರೆಪ್‌ಗೂ ಸ್ಪರ್ಧೆಯ ತೀರ್ಪುಗಾರರಂತೆ ಆಜ್ಞೆ ಕೂಗುತ್ತೇನೆ. ಬೆಂಚ್‌ನಲ್ಲಿ 'ಸ್ಟಾರ್ಟ್', 'ಪ್ರೆಸ್', 'ರ‍್ಯಾಕ್'; ಸ್ಕ್ವಾಟ್‌ನಲ್ಲಿ 'ಸ್ಕ್ವಾಟ್', 'ರ‍್ಯಾಕ್'; ಡೆಡ್‌ಲಿಫ್ಟ್‌ನಲ್ಲಿ 'ಡೌನ್' ಒಂದೇ. ಬಲವಿದ್ದೂ ಕೆಂಪು ದೀಪ (ಪ್ರಯತ್ನ ಅಮಾನ್ಯ ಎಂಬ ತೀರ್ಪು) ತಿನ್ನುವವರು ಹೆಚ್ಚಾಗಿ 'ಪ್ರೆಸ್' ಅನ್ನುವ ಮೊದಲೇ ಬಾರ್ ತಳ್ಳಿರುತ್ತಾರೆ, ಇಲ್ಲವೇ ಸ್ಕ್ವಾಟ್‌ನಲ್ಲಿ ತೊಡೆಯ ಸಂದನ್ನು ಮೊಣಕಾಲಿನ ಮೇಲ್ಭಾಗಕ್ಕಿಂತ ಕೆಳಗೆ ಇಳಿಸಿರುವುದಿಲ್ಲ.

ಮೊದಲ ಪ್ರಯತ್ನಕ್ಕೆ ಶೇ. 90 ಮೀರಬೇಡಿ. ಸ್ಕ್ವಾಟ್ 150 ಕೆಜಿ ಇದ್ದರೆ 135, ಆಮೇಲೆ 145. ಮೂರನೆಯದು ಎರಡನೆಯದರ ವೇಗ ನೋಡಿ 150 ಅಥವಾ 152.5. ಒಮ್ಮೆ ತಪ್ಪಿದ ಭಾರವನ್ನು ಮತ್ತೆ ಎತ್ತಬಹುದು, ಇಳಿಸಲು ಬರುವುದಿಲ್ಲ. ಒಂದು ಬಗೆಯಲ್ಲಿ ಮೂರೂ ಪ್ರಯತ್ನ ತಪ್ಪಿದರೆ ಆ ದಿನ ಟೋಟಲ್ಲೇ (ಮೂರೂ ಬಗೆಯ ಒಟ್ಟು ಭಾರ) ಇಲ್ಲ. ಮುಂದಿನ ಭಾರವನ್ನು ಒಂದು ನಿಮಿಷದೊಳಗೆ ಬರೆದುಕೊಡಬೇಕಾದ್ದರಿಂದ, ಚೀಟಿಯಲ್ಲಿ ಎರಡೂ ಲೆಕ್ಕ ಮೊದಲೇ ಬರೆದು ನನ್ನ ಜೇಬಲ್ಲಿ ಇಟ್ಟುಕೊಂಡಿರುತ್ತೇನೆ.