ಗುಂಟೆಗೊಂದು ಟ್ಯಾಂಕರ್: ರೈತರ ಸಭೆಯಲ್ಲಿ ಮಾತಾಡಲು ನನ್ನ ತಯಾರಿ

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಭತ್ತಕ್ಕೆ ನೀರು ಕಟ್ಟುವ ಬಗ್ಗೆ ಮಾತಾಡುವುದು ನನ್ನ ಕೆಲಸ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 20 ನಿಮಿಷ ಇರುತ್ತದೆ. ಸ್ವಾಗತ, ದೀಪ, ಹಾರ, ಶಾಲು ಮುಗಿಯುವಷ್ಟರಲ್ಲಿ ಅದು 8ಕ್ಕೆ ಇಳಿದಿರುವುದೇ ಹೆಚ್ಚು. ಹಾಗಾಗಿ ಮೊದಲು ಸಿದ್ಧ ಮಾಡುವುದು 8 ನಿಮಿಷದ ಮಾತನ್ನು. 20 ಸಿಕ್ಕರೆ ಅದನ್ನೇ ಉದಾಹರಣೆ, ಪ್ರಶ್ನೆ ಸೇರಿಸಿ ಹಿಗ್ಗಿಸುತ್ತೇನೆ. 20 ನಿಮಿಷದ ಮಾತನ್ನು ವೇದಿಕೆ ಮೇಲೆ ನಿಂತು ಕತ್ತರಿಸಲು ಹೋದರೆ ಕತ್ತರಿ ಬೀಳುವುದು ಕೊನೆಯ ಭಾಗಕ್ಕೆ. ಹೇಳಲೇಬೇಕಾದದ್ದು ಅಲ್ಲೇ ಇರುತ್ತದೆ.

ತಯಾರಿ ಶುರುವಾಗುವುದು ಒಂದು ಪ್ರಶ್ನೆಯಿಂದ. ಸಭೆ ಮುಗಿಸಿಕೊಂಡು ಸಂಜೆ ಡೇರಿಗೆ ಹಾಲು ಹಾಕಲು ಹೋದವರು ಕ್ಯೂನಲ್ಲಿ ಪಕ್ಕದವರಿಗೆ ಏನು ಹೇಳಬೇಕು? ಅದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳುತ್ತೇನೆ: ಗದ್ದೆಯಲ್ಲಿ ಸದಾ ನೀರು ನಿಂತಿರಬೇಕಿಲ್ಲ, ನೀರು ಮಣ್ಣಿನ ಮಟ್ಟದಿಂದ ಅರ್ಧ ಅಡಿ ಕೆಳಗೆ ಇಂಗಿದ ಮೇಲೆ ಮತ್ತೆ ಕಟ್ಟಿದರೂ ಸಾಕು. ಸತು, ಬೆಂಕಿರೋಗ, ತಳಿ ಎಲ್ಲವೂ ಮುಖ್ಯವೇ. ಆದರೆ ಆ ವಾಕ್ಯಕ್ಕೆ ಆಸರೆಯಾಗದ ಯಾವುದೂ ಆ ದಿನದ ಮಾತಿಗೆ ಬರುವುದಿಲ್ಲ. ಓದುವವರು ಅರ್ಥವಾಗದಿದ್ದರೆ ಹಿಂದಿನ ಪುಟಕ್ಕೆ ಹೋಗಬಹುದು. ಕೇಳುವವರಿಗೆ ಆ ಅನುಕೂಲ ಇಲ್ಲ.

ಒಂದನ್ನು ಮಾತ್ರ ಸಮಯ ಎಷ್ಟೇ ಕಡಿಮೆಯಾದರೂ ಬಿಡುವುದಿಲ್ಲ. ಹೂ ಬಿಡುವ ಹೊತ್ತಿನಲ್ಲಿ, ಅದರ ಹಿಂದೆ ಮುಂದೆ ಒಂದೊಂದು ವಾರ ಗದ್ದೆಯಲ್ಲಿ ನೀರು ನಿಂತಿರಲೇಬೇಕು, ಇಲ್ಲದಿದ್ದರೆ ಕಾಳು ಜೊಳ್ಳಾಗುತ್ತದೆ. ಸಲಹೆ ಹೇಳಿ ಅದರ ಎಚ್ಚರಿಕೆ ನುಂಗಿಬಿಟ್ಟರೆ ನಷ್ಟ ನಮ್ಮ ಮಾತು ನಂಬಿದವರಿಗೆ.

ನಾನು ಅತಿ ಹೆಚ್ಚು ಹೊತ್ತು ಕೂರುವುದು ಅಂಕಿಗಳ ಮುಂದೆ. ಕೆಆರ್‌ಎಸ್ ಮಟ್ಟ 124.80 ಅಡಿ ಎಂದರೆ ಇಲ್ಲಿ ಯಾರಿಗೂ ವಿವರಣೆ ಬೇಡ, ಕಟ್ಟೆ ತುಂಬಿತು ಎಂದೇ ಅರ್ಥ. ಟಿಎಂಸಿ (ನೂರು ಕೋಟಿ ಘನ ಅಡಿ) ಹಾಗಲ್ಲ. ಎಲ್ಲರ ಬಾಯಲ್ಲೂ ಇರುವ ಪದ, ಆದರೆ ಕಣ್ಣಿಗೆ ಕಟ್ಟುವುದಿಲ್ಲ. ಒಂದು ಟಿಎಂಸಿ ಎಂದರೆ ಸುಮಾರು 23,000 ಎಕರೆ ಮೇಲೆ ಒಂದು ಅಡಿ ನೀರು ಎಂದಾಗ ಜನ ಮನಸ್ಸಿನಲ್ಲೇ ತಮ್ಮ ಅಚ್ಚುಕಟ್ಟನ್ನು ಅಳೆಯಲು ತೊಡಗುತ್ತಾರೆ. ಇನ್ನೂ ಹತ್ತಿರದ್ದು ಬೇಕೆಂದರೆ ಹೀಗೆ. ಎಕರೆಗೆ 5 ಸೆಂಟಿಮೀಟರ್ ನೀರು ನಿಲ್ಲಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ಸಭೆಯಲ್ಲಿ ‘2 ಲಕ್ಷ’ ಒಂದು ಸದ್ದು ಅಷ್ಟೇ. ಎಕರೆಗೆ 40 ಗುಂಟೆ. ಭಾಗಿಸಿದರೆ ಗುಂಟೆಗೆ 5,000 ಲೀಟರ್, ಅಂದರೆ ಗುಂಟೆಗೊಂದು ಟ್ಯಾಂಕರ್. ಈ ಎರಡು ಪದ ಹೇಳಿ ಎರಡು ಸೆಕೆಂಡ್ ಸುಮ್ಮನೆ ನಿಲ್ಲುತ್ತೇನೆ. ಒಂದು ಭಾಷಣಕ್ಕೆ ಇಂಥ ಅಂಕಿ ಮೂರಕ್ಕಿಂತ ಹೆಚ್ಚಾದರೆ ಒಂದು ಇನ್ನೊಂದನ್ನು ಅಳಿಸುತ್ತದೆ.

ಇನ್ನು ಭಾಷೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ನಾಟಿಯಾದ ಹದಿನೈದು ದಿನಗಳ ನಂತರ ಗದ್ದೆಯಲ್ಲಿನ ನೀರಿನ ಮಟ್ಟವು ಮಣ್ಣಿನ ಮೇಲ್ಮೈಯಿಂದ ಹದಿನೈದು ಸೆಂಟಿಮೀಟರ್ ಕೆಳಗಿಳಿದ ಸಂದರ್ಭದಲ್ಲಿ ಮಾತ್ರ ಪುನಃ ನೀರು ಹಾಯಿಸತಕ್ಕದ್ದು’ ಎಂಬುದು ಕರಪತ್ರದಲ್ಲಿ ಸರಿ. ಕಿವಿಗೆ ಬಿದ್ದರೆ, ಮಾಡಬೇಕೋ ಬೇಡವೋ ಎಂದು ಗೊತ್ತಾಗುವ ತನಕ ಕೇಳುವವರು ಇಡೀ ಸರಕನ್ನು ತಲೆ ಮೇಲೆ ಹೊತ್ತು ನಿಂತಿರಬೇಕು. ಅದನ್ನೇ ಒಡೆಯುತ್ತೇನೆ (ಪೈಪು ಎಂದರೆ ನೀರಿನ ಮಟ್ಟ ನೋಡಲು ಗದ್ದೆಯಲ್ಲಿ ಹೂಳುವ ತೂತಿನ ಪೈಪು): ‘ನಾಟಿ ಆಗಿ ಹದಿನೈದು ದಿನ ಆಗ್ಲಿ. ಆಮೇಲೆ ಪೈಪೊಳಗೆ ಬಗ್ಗಿ ನೋಡಿ. ನೀರು ಅರ್ಧ ಅಡಿ ಕೆಳಗೆ ಹೋಗಿರಬೇಕು. ಅಲ್ಲೀಗಂಟ ನೀರು ಕಟ್ಬೇಡಿ.’ ಒಂದು ವಾಕ್ಯಕ್ಕೆ ಒಂದು ಕ್ರಿಯಾಪದ. ‘ಮಾಡಲಾಗುತ್ತದೆ’, ‘ಅಂತಹ’, ‘ಸಂದರ್ಭದಲ್ಲಿ’ ಕಂಡಲ್ಲೆಲ್ಲ ಗೀಟು ಎಳೆಯುತ್ತೇನೆ. ಇಂಗ್ಲಿಷ್ ಭಾಷಣಕ್ಕೆ ಹೇಳುವ ನಿಮಿಷಕ್ಕೆ ಇಷ್ಟು ಪದ ಎಂಬ ಲೆಕ್ಕವೂ ನಮಗೆ ಕೂಡುವುದಿಲ್ಲ. ವಿಭಕ್ತಿ, ಅವ್ಯಯ ಅಂಟಿಕೊಂಡು ನಮ್ಮ ಪದಗಳು ಉದ್ದ. ನನ್ನ ಗತಿಗೆ ನಿಮಿಷಕ್ಕೆ 90 ಪದ. ನಿಮ್ಮದನ್ನು ಗಡಿಯಾರ ಇಟ್ಟುಕೊಂಡು ನೀವೇ ಅಳೆದುಕೊಳ್ಳಿ.

ಅಭ್ಯಾಸ ಮೂರು ಸಲ, ನಿಂತುಕೊಂಡು, ಗಟ್ಟಿಯಾಗಿ, ಫೋನಿನಲ್ಲಿ ರೆಕಾರ್ಡ್ ಮಾಡುತ್ತ. ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸವಲ್ಲ, ಏಕೆಂದರೆ ಮನಸ್ಸು ಎಲ್ಲೂ ಉಸಿರಿಗೆ ನಿಲ್ಲುವುದಿಲ್ಲ. ಮೊದಲ ನಾಲ್ಕು ವಾಕ್ಯ ಮತ್ತು ಕೊನೆಯ ಎರಡನ್ನು ಬಾಯಿಪಾಠ ಮಾಡುತ್ತೇನೆ, ಉಳಿದದ್ದಕ್ಕೆ ಅಂಗೈಯಗಲದ ಕಾರ್ಡಿನಲ್ಲಿ ಐದು ಪದ ಸಾಕು. ಪೂರ್ತಿ ಬರೆದ ಹಾಳೆ ಕೈಲಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಸ್ವರ ಚಪ್ಪಟೆಯಾಗುತ್ತದೆ.

ಸ್ಲೈಡು ನಾಲ್ಕಕ್ಕೆ ಮೀರುವುದಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬರೆದದ್ದು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಬರೆದು ಪಿಡಿಎಫ್ ಕೂಡ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳುತ್ತೇನೆ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ಅಂತರ ಒಂದೂವರೆ ಪಟ್ಟು ಬೇಕು, ಅಕ್ಷರದ ಗಾತ್ರ 32ಕ್ಕಿಂತ ಕಡಿಮೆ ಬೇಡ. ಹಗಲಿನ ಸಭಾಂಗಣದಲ್ಲಿ ಬಿಳಿ ಹಿನ್ನೆಲೆಗೆ ಕಪ್ಪು ಅಕ್ಷರವೇ ಕಾಣುವುದು. ಕರೆಂಟ್ ಹೋದರೆ ಅದೇ ನಾಲ್ಕು ಚಿತ್ರ ಡ್ರಾಯಿಂಗ್ ಹಾಳೆಯಲ್ಲಿರುತ್ತವೆ. ಸ್ಲೈಡಿಗಿಂತ ನಾನು ನಂಬುವುದು ಪೈಪನ್ನು: 30 ಸೆಂಟಿಮೀಟರ್ ಉದ್ದ, ಮಣ್ಣಿಗೆ ಹೂಳುವ ಅರ್ಧಕ್ಕೆ ಸುತ್ತ ತೂತು. ಅದನ್ನು ಎತ್ತಿ ತೋರಿಸುತ್ತೇನೆ, ಆದರೆ ಮಾತು ಮುಗಿಯುವ ತನಕ ಕೈಯಿಂದ ಕೈಗೆ ಕಳಿಸುವುದಿಲ್ಲ. ಪೈಪು ಹೋದ ಸಾಲಿನಲ್ಲಿ ಯಾರೂ ಮಾತು ಕೇಳುವುದಿಲ್ಲ.

ಮೈಕು ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿ. ನೇರ ಹಿಡಿದರೆ ‘ಪ’, ‘ಭ’, ‘ಫ’ಗಳ ಗಾಳಿ ಧಬ್ ಎನ್ನುತ್ತದೆ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿದರೆ, ಇಲ್ಲವೇ ಸ್ಪೀಕರಿನ ಮುಂದೆ ನಿಂತರೆ ಅದರ ಸದ್ದೇ ತಿರುಗಿ ಮೈಕಿಗೆ ಹೊಕ್ಕು ಕೀರಲು ಶುರು. ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುವ ಜಾಗ ಗುರುತು ಮಾಡಿಕೊಂಡರೆ ಇದು ಬಗೆಹರಿಯುತ್ತದೆ. ಶೀಟಿನ ಸೂರು ಮಾತನ್ನು ಪ್ರತಿಧ್ವನಿಸುತ್ತದೆ, ಅಲ್ಲಿ ಗಟ್ಟಿಯಾಗಿ ಅಲ್ಲ, ನಿಧಾನವಾಗಿ ಮಾತಾಡಬೇಕು.

ವೇಳೆ ಕೇಳಿದರೆ ಬೆಳಿಗ್ಗೆ 10.30 ಎನ್ನುತ್ತೇನೆ. ಮುದ್ದೆ ಊಟದ ನಂತರ ಕಣ್ಣು ಎಳೆಯುತ್ತವೆ, ನಾಲ್ಕೂವರೆ ಆದರೆ ಹಾಲು ಕರೆಯಲು ಏಳುತ್ತಾರೆ. ‘ವೇದಿಕೆ ಮೇಲಿರುವ ಎಲ್ಲ ಗಣ್ಯರಿಗೂ ನಮಸ್ಕಾರ’ ಎಂಬ ಒಂದು ವಾಕ್ಯ ಮುಗಿಸಿ ನೇರ ಟ್ಯಾಂಕರಿಗೆ ಬರುತ್ತೇನೆ.

ಪ್ರಶ್ನೆಗಳಲ್ಲಿ ಅತಿ ಕಷ್ಟದ್ದನ್ನು ಮೊದಲೇ ಊಹಿಸಿ ಮಾತಿನೊಳಗೇ ಸೇರಿಸುತ್ತೇನೆ. ಇಲ್ಲಿ ಅದು ಒಂದೇ: ‘ಸ್ವಾಮಿ, ನಾಲೆ ನೀರು ನಿಮ್ಮ ಪೈಪ್ ನೋಡ್ಕಂಡು ಬರ್ತದಾ?’ ಕೆಆರ್‌ಎಸ್‌ನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಾಗ ಕೊನೆ ಭಾಗದವರು ಬಂದ ನೀರನ್ನು ಬಿಟ್ಟುಕೊಡಲಾರರು, ಮುಂದಿನ ಕಟ್ಟು ಯಾವಾಗಲೋ. ಆದ್ದರಿಂದ ಮೂರನೇ ನಿಮಿಷದಲ್ಲೇ ಹೇಳಿಬಿಡುತ್ತೇನೆ: ಇದು ಕೊಳವೆ ಬಾವಿ ಇರುವವರಿಗೆ, ಬೇಕೆಂದಾಗ ನೀರು ಕೈಗೆ ಸಿಗುವವರಿಗೆ. ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತವರು ಮುಂದಕ್ಕೆ ಬರುವುದು ಆಮೇಲೆ. ಯಾರೇ ಕೇಳಿದರೂ ಪ್ರಶ್ನೆಯನ್ನು ಮೈಕಿನಲ್ಲಿ ಒಮ್ಮೆ ನಾನೇ ಹೇಳಿ ನಂತರ ಉತ್ತರಿಸುತ್ತೇನೆ, ಹಿಂದಿನವರಿಗೆ ಪ್ರಶ್ನೆ ಕೇಳಿಸಿರುವುದಿಲ್ಲ. ಗೊತ್ತಿಲ್ಲದ್ದನ್ನು ಅವರೆದುರೇ ಕಾರ್ಡಿನ ಹಿಂಬದಿಗೆ ಬರೆದುಕೊಂಡು, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಚಾರಿಸಿ ಮರುದಿನ ಫೋನ್ ಮಾಡುತ್ತೇನೆ.