ಟೊಂಗರಿರೊ ದಾಟುವ ದಿನ: ಗೈಡ್ ಜೊತೆ ಹೋಗುವವರಿಗೆ

ನ್ಯೂಜಿಲೆಂಡಿನ ಟೊಂಗರಿರೊ ಬೆಟ್ಟ ದಾಟಲು ಹೊರಟವರಿಗೆ ನಾನು ಮೊದಲು ಹೇಳೋದು ಬೂಟಿನ ವಿಷಯ ಅಲ್ಲ, ರಜೆಯ ವಿಷಯ. ಒಂದು ದಿನದ ನಡಿಗೆಗೆ ಎರಡು ದಿನ ಇಟ್ಟುಕೊಂಡು ಹೋಗಿ. ಅಕ್ಟೋಬರ್ ಕೊನೆಯಲ್ಲಿ ಹ್ಯಾಮಿಲ್ಟನ್‌ನಿಂದ ನಾವು ಮೂವರು ಒಂದೇ ಒಂದು ಶನಿವಾರ ನಂಬಿಕೊಂಡು ಹೋಗಿದ್ದೆವು. ಸೌತ್ ಕ್ರೇಟರ್ ಅನ್ನೋ ಕುಳಿ ಮುಟ್ಟುವಷ್ಟರಲ್ಲಿ ಗಾಳಿ ನಿಂತವರನ್ನೇ ಪಕ್ಕಕ್ಕೆ ತಳ್ಳುತ್ತಿತ್ತು. ಗೈಡ್ ಮುಂದಿನ ಏರನ್ನು ಒಂದು ನಿಮಿಷ ನೋಡಿ, ‘ಇವತ್ತಿಗೆ ಇಷ್ಟೇ’ ಅಂದರು. ನನಗೆ ಅಳುವೇ ಬಂತು. ಮೂರು ವಾರ ಬಿಟ್ಟು ಮತ್ತೆ ಹೋಗಿ, ಅವರು ನೋಡಿದ್ದ ಆ ಏಣಿನ ಮೇಲೆ ನಿಂತಾಗ ಗೊತ್ತಾಯಿತು: ಹಿಡಿದುಕೊಳ್ಳಲು ಅಲ್ಲಿ ಒಂದು ಗಿಡವೂ ಇಲ್ಲ.

ದಾರಿ ಸುಮಾರು 20 ಕಿ.ಮೀ. ಮಾಂಗಾಟೆಪೊಪೊದಲ್ಲಿ ಶುರು, ಕೆಟೆಟಾಹಿಯಲ್ಲಿ ಕೊನೆ, ಆರರಿಂದ ಎಂಟು ಗಂಟೆ. ಹತ್ತೋದು ಒಂದು ಕಡೆ, ಇಳಿಯೋದು ಇನ್ನೊಂದು ಕಡೆ. ಹಾಗಾಗಿ ಶಟಲ್ ಬಸ್ ಮೊದಲೇ ಬುಕ್ ಮಾಡಿ. ಬೇಸಿಗೆಯಲ್ಲಿ ಗೈಡ್ ಇಲ್ಲದೆ ನಡೆಯುವವರೂ ಬಹಳ ಇದ್ದಾರೆ. ಆದರೆ ಹಿಮ ಇರುವ ತಿಂಗಳುಗಳಲ್ಲಿ, ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಮುಳ್ಳಿನ ಹಲ್ಲೆ) ಕಟ್ಟಿ ಐಸ್ ಆಕ್ಸ್ (ಹಿಮಗೊಡಲಿ) ಹಿಡಿದು ಅಭ್ಯಾಸ ಇಲ್ಲದ ನಮ್ಮಂಥವರು ಗೈಡ್ ಇಲ್ಲದೆ ಹೋಗಲೇಬಾರದು.

ಇದು ಜೀವಂತ ಜ್ವಾಲಾಮುಖಿ ಅನ್ನೋದು ಮಾತಿಗೆ ಹೇಳೋದಲ್ಲ. 2012ರ ಆಗಸ್ಟ್ 6ರ ರಾತ್ರಿ ಇದೇ ಬೆಟ್ಟದ ಟೆ ಮಾರಿ ಕುಳಿ ಸ್ಫೋಟಿಸಿ, ಹಾರಿದ ಬಂಡೆಗಳು ಕೆಟೆಟಾಹಿಯ ಚಾರಣಿಗರ ತಂಗುಮನೆಯ ಚಾವಣಿ ಒಡೆದು ಒಳಗೆ ಬಿದ್ದವು. ನವೆಂಬರ್ 21ರಂದು ಮತ್ತೆ ಸ್ಫೋಟ. ಆಗ ನಡುಮಧ್ಯಾಹ್ನ, ದಾರಿಯಲ್ಲಿ ಜನ ಇದ್ದರು. ಹಿಂದಿನ ರಾತ್ರಿ ಅಲ್ಲಿಯ ಜ್ವಾಲಾಮುಖಿಗಳ ಮೇಲೆ ಕಣ್ಣಿಡುವ ಜಿಯೋನೆಟ್ ಜಾಲತಾಣದಲ್ಲಿ ಎಚ್ಚರಿಕೆಯ ಮಟ್ಟ ನೋಡಿ: ಸೊನ್ನೆಯಿಂದ ಐದರವರೆಗೆ ಇರುತ್ತದೆ. ಸೊನ್ನೆ ಇದ್ದ ಮಾತ್ರಕ್ಕೆ ಬೆಟ್ಟ ಮಲಗಿದೆ ಅಂತಲ್ಲ. ಬೆಳಿಗ್ಗೆ ಗೈಡ್ ಹತ್ತಿರ ಕೇಳಿ: ಈಗ ಸ್ಫೋಟವಾದರೆ ಯಾವ ಕಡೆ ಓಡಬೇಕು, ಎಲ್ಲೆಲ್ಲಿ ನಿಲ್ಲಬಾರದು? ಒಳ್ಳೆಯ ಗೈಡ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಕುಮಾರಪರ್ವತ ಹತ್ತಿದವರಿಗೆ ಇಲ್ಲಿಯ ಏರು ಹೊಸದೇನಲ್ಲ, ಆದರೆ ನಡುವೆ ಊಟ ಹಾಕುವ ಭಟ್ಟರ ಮನೆ ಇಲ್ಲ. ಕುಡಿಯುವ ನೀರೂ ಸಿಗದು. ಒಬ್ಬೊಬ್ಬರೂ ಎರಡು-ಮೂರು ಲೀಟರ್ ಹೊತ್ತುಕೊಳ್ಳಿ. ಶೌಚಾಲಯಕ್ಕೆ ಕಾಗದ ನಿಮ್ಮದೇ ಇರಲಿ. ಜೀನ್ಸ್ ಬೇಡವೇ ಬೇಡ, ಒದ್ದೆಯಾದ ಹತ್ತಿಬಟ್ಟೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತೆ. ಒಳಗೆ ಉಣ್ಣೆ, ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್, ಟೋಪಿ, ಗ್ಲೌಸ್. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ. ಮೇಲೆ ಡಬ್ಬಿ ತೆರೆದರೆ ಅನ್ನ ಹರಳುಗಟ್ಟಿತ್ತು, ಗ್ಲೌಸ್ ಬಿಚ್ಚಿದ ಬೆರಳು ಮರಗಟ್ಟಿತು. ಈಗ ಚಪಾತಿಗೆ ತುಪ್ಪ, ಶೇಂಗಾ ಚಟ್ನಿಪುಡಿ ಹಚ್ಚಿ ಸುರುಳಿ ಸುತ್ತಿಕೊಳ್ಳುತ್ತೇನೆ. ಗ್ಲೌಸ್ ಹಾಕಿಕೊಂಡೇ ತಿನ್ನಬಹುದು.

ಸೋಡಾ ಸ್ಪ್ರಿಂಗ್ಸ್‌ವರೆಗೆ ನಿಧಾನ ಹೋಗಿ. ಅಲ್ಲಿಂದ ಡೆವಿಲ್ಸ್ ಸ್ಟೇರ್‌ಕೇಸ್ ಅನ್ನೋ ಮೆಟ್ಟಿಲುಗಳು. ಉಸಿರು ಕಟ್ಟುವ ಹಾಗೆ ಹತ್ತಬೇಡಿ. ಬಲಗಡೆ ನಾರುಹೊಯೆ ಅನ್ನೋ ಜ್ವಾಲಾಮುಖಿ ಶಿಖರ, 2,287 ಮೀಟರ್. ಕೊನೆಯ ಸಲ ಸ್ಫೋಟಿಸಿದ್ದು 1975ರಲ್ಲಿ. ಶಿಖರ ಹತ್ತಬೇಡಿ ಅಂತ ಅಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನ ಕೇಳಿಕೊಳ್ಳುತ್ತಾರೆ. 1887ರಲ್ಲಿ ಈ ಶಿಖರಗಳನ್ನು ದೇಶಕ್ಕೆ ಒಪ್ಪಿಸಿದ್ದು ಅವರ ಹಿರಿಯ ಹೊರೊನುಕು ಟೆ ಹೆಉಹೆಉ ಟುಕಿನೊ. ಮುಂದೆ ಸಿಗುವ ಕೆರೆಗಳೂ ಅವರಿಗೆ ಟಪು, ನಮ್ಮ ದೇವರಕಾಡಿನ ಹಾಗೆ. ನೀರಿಗೆ ಕಾಲು ಬಿಡಬೇಡಿ, ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಬೇಡಿ.

ರೆಡ್ ಕ್ರೇಟರ್ ತುದಿಯಲ್ಲಿ ಗ್ಲೌಸ್ ಬಿಚ್ಚಿ ನೆಲಕ್ಕೆ ಅಂಗೈ ಇಡಿ. ಮುಖಕ್ಕೆ ಕೊರೆಯುವ ಗಾಳಿ, ಕೈಯಡಿ ಆಗಷ್ಟೇ ಇಳಿಸಿದ ಹಂಚಿನ ಪಕ್ಕದ ಕಟ್ಟೆಯ ಹಾಗೆ ಬೆಚ್ಚಗಿನ ನೆಲ. ಸಣ್ಣ ಬಿರುಕಿನಿಂದ ಹಬೆ ಏಳುತ್ತಿತ್ತು, ಗಂಧಕದ ವಾಸನೆ ಗಂಟಲಿಗೆ ತಾಗುತ್ತಿತ್ತು. ಕುಳಿಯ ಕೆಂಪು ಕಬ್ಬಿಣದ್ದು, ಕಾವಿಗೆ ತುಕ್ಕಾದದ್ದು. ಎದುರು ಗೋಡೆಯಲ್ಲಿ ಶಿಲಾರಸ ಹರಿದು ಖಾಲಿಯಾದ ಕಾಲುವೆ ಬಾಯಿ ತೆರೆದುಕೊಂಡಿದೆ. ನಾನು ಅಲ್ಲೇ ಕೂತುಬಿಟ್ಟಿದ್ದೆ, ಗೈಡ್ ಎರಡು ಸಲ ಕರೆದರು.

ಅಲ್ಲಿಂದ ಎಮರಾಲ್ಡ್ ಲೇಕ್ಸ್‌ಗೆ ಇಳಿಯೋದೇ ಜನ ಹೆಚ್ಚು ಬೀಳುವ ಜಾಗ. ನೆಲವೆಲ್ಲ ಸಡಿಲ ಪುಡಿಗಲ್ಲು. ಹೆದರಿ ಹಿಂದಕ್ಕೆ ವಾಲಿದರೆ ಕಾಲು ಮುಂದೆ ಜಾರಿ ಕುಂಡೆ ನೆಲಕ್ಕೆ. ಮೈ ಸ್ವಲ್ಪ ಮುಂದಕ್ಕೆ, ಮಂಡಿ ಸಡಿಲ, ಹಿಮ್ಮಡಿ ಊರಿ ಸಣ್ಣ ಹೆಜ್ಜೆ. ಕಲ್ಲು ಒಂದು ಗೇಣು ಜಾರಿ ತಾನೇ ನಿಲ್ಲುತ್ತೆ, ಆಮೇಲೆ ಇನ್ನೊಂದು ಹೆಜ್ಜೆ. ಮುಂದಿನವರ ನೇರ ಹಿಂದೆ ಇಳಿಯಬೇಡಿ, ನೀವು ಉರುಳಿಸಿದ ಕಲ್ಲು ಅವರಿಗೆ ಬೀಳುತ್ತೆ. ಫೋಟೊ ಬೇಕಾದರೆ ನಿಂತು ತೆಗೆಯಿರಿ.

ಬ್ಲೂ ಲೇಕ್ ದಾಟಿದರೆ ಕಷ್ಟ ಮುಗಿಯಿತು ಅಂದುಕೊಳ್ಳುತ್ತೇವೆ. ಮಂಡಿ ಮಾತಾಡೋದು ಆಮೇಲೆಯೇ, ಕೋಲು ಇದ್ದರೆ ಈಗ ತೆಗೆಯಿರಿ. ಕಾಡು ಬಂದ ಮೇಲೆ ತೊರೆಯ ಹತ್ತಿರ ‘ನಿಲ್ಲಬೇಡಿ’ ಎಂಬ ಫಲಕ ಇದೆ. ಮೇಲಿನಿಂದ ಕೆಸರು-ಬಂಡೆಯ ಪ್ರವಾಹ ಬಂದರೆ ಅದೇ ದಾರಿ. ನೆರಳಿದೆ, ದಣಿದಿದ್ದೀರಿ, ಕೂರಬೇಕು ಅನ್ನಿಸುತ್ತೆ. ನಮ್ಮ ಗೈಡ್ ಅಲ್ಲಿ ಎಲ್ಲರ ಮಾತು ನಿಲ್ಲಿಸಿ, ಮೇಲುಗಡೆ ಸದ್ದಿದೆಯೇ ಅಂತ ಕಿವಿಗೊಟ್ಟು, ಆಮೇಲೆ ಒಬ್ಬೊಬ್ಬರನ್ನೇ ಬೇಗ ಬೇಗ ದಾಟಿಸಿದರು. ಕೂರೋದು ಕೆಟೆಟಾಹಿಯ ಬಸ್ ನಿಲ್ಲುವ ಜಾಗದಲ್ಲಿ.